ಕಾರ್ಖಾನೆಯ ಸೂರು ಮತ್ತು ಕಲಬುರಗಿಯ ಬಿಸಿಲು

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗಿನ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಂತೆ ಆಜ್ಞೆ ಹೊರಡಿಸುವ ಪರಿಪಾಠವೊಂದು ನಮ್ಮ ರಾಜ್ಯದಲ್ಲಿ ಉಂಟು. ಈ ಸೀಮೆಯ ಬಿಸಿಲು ಮನುಷ್ಯನ ದುಡಿಮೆಗೆ ಮಿತಿಯನ್ನು ವಿಧಿಸುತ್ತದೆ ಎಂಬುದನ್ನು ಆಡಳಿತವೇ ಅಂಗೀಕರಿಸಿರುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಆದರೆ ಅದೇ ಊರಿನಲ್ಲಿ, ಅದೇ ಹೊತ್ತಿನಲ್ಲಿ, ದಾಲ್‌ಮಿಲ್ಲಿನ ತಗಡಿನ ಸೂರಿನಡಿ ತೊಗರಿಯ ಚೀಲ ಹೊರುವ ಹಮಾಲನಿಗೂ, ಜರಡಿಯ ಮುಂದೆ ನಿಂತ ಹೆಣ್ಣುಮಗಳಿಗೂ ಆ ಆಜ್ಞೆಯ ರಕ್ಷಣೆ ದೊರೆಯದು. ಅವರಿಗೆ ರಕ್ಷಣೆಯಾಗಬೇಕಾದದ್ದು ಕಟ್ಟಡವೊಂದೇ.

2023ರಲ್ಲಿ ಕೇಂದ್ರ ಸರ್ಕಾರವು ಪಿಎಂ ಮಿತ್ರ ಯೋಜನೆಯಡಿ ಕಲಬುರಗಿಗೆ ಜವಳಿ ಪಾರ್ಕನ್ನು ಘೋಷಿಸಿತು. ಫಿರೋಜಾಬಾದ್, ನದಿಸಿನ್ನೂರ, ಕಿರಣಗಿ ಗ್ರಾಮಗಳ ಸೀಮೆಯಲ್ಲಿ 1000 ಎಕರೆ ಜಮೀನು ಅದಕ್ಕೆ ಗೊತ್ತಾಯಿತು. ಜವಳಿಯ ಕಸುಬು ಈ ನಗರಕ್ಕೆ ಹೊಸದಲ್ಲ. ನಿಜಾಮರ ಕಾಲದ ಮೆಹಬೂಬ್ ಶಾಹಿ ಗಿರಣಿಯು ನಿಂತುಹೋಗಿ ವರ್ಷಗಳು ಕಳೆದಿದ್ದರೂ ಅದರ ಹೆಸರು ಎಂಎಸ್‌ಕೆ ಮಿಲ್ ಬಡಾವಣೆಯಲ್ಲಿ ಇನ್ನೂ ಬದುಕಿದೆ. ಉದ್ಯೋಗ, ಬಂಡವಾಳ, ವಿದ್ಯುತ್ತು, ನೀರು ಇವುಗಳ ವಿಷಯವಾಗಿ ನಡೆಯುವ ಚರ್ಚೆಯಲ್ಲಿ ನೂಲುವವರ, ಹೊಲಿಯುವವರ ತಲೆಯ ಮೇಲಿನ ಸೂರು ಎಂಥದಾಗಿರಬೇಕೆಂಬ ಪ್ರಶ್ನೆಗೂ ಮೊದಲ ಸಾಲಿನಲ್ಲಿಯೇ ಸ್ಥಾನವಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸೂರನ್ನೇ ಏಕೆ ಹಿಡಿದು ಹೇಳುತ್ತೇನೆಂದರೆ, ಈ ಅಕ್ಷಾಂಶದಲ್ಲಿ ಸೂರ್ಯನು ನಡೆಯುವ ಬಗೆಯೇ ಹಾಗಿದೆ. ನಗರದ ಮಗ್ಗುಲಲ್ಲಿರುವ ಶರಣಸಿರಸಗಿಯ ಹೊಲದ ಬದುವಿನ ಮೇಲೆ ಒಂದು ಕೋಲನ್ನು ನೆಟ್ಟಗೆ ನೆಟ್ಟರೆ, ಮೇ ತಿಂಗಳ ಎರಡನೆಯ ವಾರದ ಸುಮಾರಿನ ಒಂದು ನಡುಹಗಲು ಅದಕ್ಕೆ ನೆರಳೇ ಬೀಳದು. ಆಗಸ್ಟ್ ಆರಂಭದಲ್ಲಿ ಮತ್ತೊಮ್ಮೆ ಹಾಗೆಯೇ ಆಗುವುದು. ನಡುವಣ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯನು ತುಸು ಉತ್ತರಕ್ಕೇ ಸರಿದಿರುವನು. ಎಂದರೆ, ಕಡುಬೇಸಗೆಯ ತಾಪವು ಗೋಡೆಗಳಿಗಿಂತ ಮಿಗಿಲಾಗಿ ಮಾಳಿಗೆಯ ಮೇಲೆಯೇ ಸುರಿಯುತ್ತದೆ. ಅದರ ತರುವಾಯದ ಪೆಟ್ಟು ಬೆಳಗಿನ ಮತ್ತು ಸಂಜೆಯ ಓರೆಬಿಸಿಲಿಗೆ ಮೈಯೊಡ್ಡುವ ಪೂರ್ವ ಪಶ್ಚಿಮದ ಗೋಡೆಗಳಿಗೆ. ಆದುದರಿಂದ ಕಟ್ಟಡವು ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿಕೊಂಡಿರಬೇಕು. ಕಿಟಕಿಗಳು ಉತ್ತರ ದಕ್ಷಿಣದ ಉದ್ದಗೋಡೆಗಳಲ್ಲಿರಬೇಕು. ಗಿರಣಿಗಳಲ್ಲಿ ರೂಢಿಯಲ್ಲಿರುವ ಗರಗಸದ ಹಲ್ಲಿನಂಥ ಮಾಳಿಗೆಯು ಉತ್ತರದ ತಂಪುಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದೆಂಬುದು ನಿಜವಾದರೂ, ಜೂನ್ ತಿಂಗಳಲ್ಲಿ ಆ ಗಾಜಿಗೂ ಬಿಸಿಲು ತಾಗುವ ಈ ಊರಿನಲ್ಲಿ ಅದರ ಮೇಲೊಂದು ಚಾಚು ಇರಲೇಬೇಕು.

ಒಂಟಿ ತಗಡಿನ ಸೂರು ಹೊತ್ತೇರುತ್ತಲೇ ಕಾದು, ಆ ಕಾವನ್ನು ಕೆಳಗಿನವರ ನೆತ್ತಿಯ ಮೇಲೆ ಇಡೀ ದಿನ ಚೆಲ್ಲುತ್ತಿರುತ್ತದೆ; ಅದರಡಿ ಫ್ಯಾನು ಹಾಕಿದರೆ ಬಿಸಿಗಾಳಿ ಅಲ್ಲಿಂದಿಲ್ಲಿಗೆ ಸರಿಯುವುದೇ ಹೊರತು ತಂಪು ಹುಟ್ಟದು. ತಗಡಿನ ಕೆಳಗೆ ಗಾಳಿಯಾಡುವಷ್ಟು ಅಂತರ ಬಿಟ್ಟು ಮತ್ತೊಂದು ಪದರವನ್ನು ಕೊಡುವುದು, ಮೇಲ್ಮೈಗೆ ಬಿಳಿಯ ಬಣ್ಣ ಬಳಿಯುವುದು, ಮೇಲೇರಿದ ಬಿಸಿಗಾಳಿ ಹೊರಹೋಗಲು ಸೂರಿನ ನೆತ್ತಿಯಲ್ಲಿ ಉದ್ದಕ್ಕೂ ಗಾಳಿಗಂಡಿ ಬಿಡುವುದು, ಇವಾವುವೂ ಅಪೂರ್ವ ವಿದ್ಯೆಗಳಲ್ಲ. 1948ರ ಕಾರ್ಖಾನೆ ಕಾಯಿದೆಯ 13ನೆಯ ಕಲಮೇ ಗೋಡೆ ಮತ್ತು ಸೂರುಗಳು ಒಳಗಿನ ಉಷ್ಣತೆಯನ್ನು ಸಾಧ್ಯವಾದಷ್ಟು ಕಡಮೆ ಇರಿಸುವಂತೆ ರಚಿತವಾಗಿರಬೇಕೆಂದು ವಿಧಿಸಿತ್ತು.

ಗೋಡೆಯ ವಿಷಯದಲ್ಲಿ ಈ ಊರಿಗೆ ಪರಸ್ಥಳದ ಉಪದೇಶ ಬೇಕಿಲ್ಲ. ಕೋಟೆಯೊಳಗಣ ಜಾಮಾ ಮಸೀದಿಯು 1367ರಲ್ಲಿ ನಿರ್ಮಿತವಾದಾಗ, ಮಸೀದಿಗಳಿಗೆ ಸಹಜವಾದ ತೆರೆದ ಅಂಗಳವನ್ನೇ ಬಿಟ್ಟು, ಇಡೀ ವಿಸ್ತಾರವನ್ನು ಗುಮ್ಮಟಗಳಿಂದ ಮುಚ್ಚಿ, ಬೆಳಕು ಗಾಳಿಗಳನ್ನು ಪಕ್ಕದ ಅಗಲವಾದ ಕಮಾನುಗಳ ಮೂಲಕ ಬರಮಾಡಿಕೊಂಡಿತು. ಕಟ್ಟಿದವರ ಉದ್ದೇಶ ಏನೇ ಇದ್ದಿರಲಿ, ನೂರಾರು ಜನ ಏಕಕಾಲಕ್ಕೆ ನಿಲ್ಲಬಲ್ಲ ವಿಶಾಲವಾದ ನೆರಳಿನ ಮಂಟಪವೊಂದು ಈ ಬಿಸಿಲಿನಲ್ಲಿ ಹೇಗಿರಬಹುದೆಂಬುದಕ್ಕೆ ಅದು ಕಣ್ಣೆದುರಿನ ನಿದರ್ಶನ. ಜವಳಿ ಪಾರ್ಕಿನ ಸೀಮೆಗೇ ಸೇರಿದ ಫಿರೋಜಾಬಾದಿನಲ್ಲಿಯೂ, ಭೀಮೆಯ ದಡದಲ್ಲಿ, ಫಿರೋಜ್ ಶಾಹ ಬಹಮನಿಯು ಕಟ್ಟಿಸಿದ ನಗರದ ಕಲ್ಲುಗೋಡೆಗಳು ಇಂದಿಗೂ ನಿಂತಿವೆ.

ದಪ್ಪ ಗೋಡೆಯು ಹಗಲಿನ ಕಾವನ್ನು ತಡೆದಿರಿಸಿ ರಾತ್ರಿ ಬಿಡುವುದರಿಂದ, ಮೂರು ಪಾಳಿಗಳ ಗಿರಣಿಯಲ್ಲಿ ರಾತ್ರಿಪಾಳಿಯವರಿಗೆ ಅದೇ ಉಪದ್ರವವಾಗದೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಈ ಬಯಲುಸೀಮೆಯಲ್ಲಿ ಸೂರ್ಯಾಸ್ತದ ಬಳಿಕ ಹೊರಗಾಳಿ ತಂಪಾಗುವುದರಿಂದ, ರಾತ್ರಿ ಕಿಟಕಿ ಗಂಡಿಗಳನ್ನೆಲ್ಲ ತೆರೆದು ಕಟ್ಟಡವನ್ನು ಆರಿಸಿ, ಬೆಳಗಾಗುತ್ತಲೇ ಮುಚ್ಚುವ ಕ್ರಮವನ್ನು ನಿಯಮವಾಗಿ ಪಾಲಿಸಬೇಕು. ನೂಲುವ ವಿಭಾಗದ ಮಾತು ಬೇರೆ: ಒಣಗಾಳಿಯಲ್ಲಿ ಎಳೆ ಹರಿಯುವುದರಿಂದ ಅಲ್ಲಿ ತೇವವನ್ನು ಯಂತ್ರದಿಂದಲೇ ಕೊಡಬೇಕಾಗುವುದು. ಸೂರು ಕಾಯದಿದ್ದರೆ ಆ ಯಂತ್ರದ ಹೊರೆಯೂ ಇಳಿಯುವುದು. ಬೇಸಗೆಯಲ್ಲಿ ಭೀಮೆಯನ್ನು ನೆಚ್ಚಲಾಗದ ಈ ನಾಡಿನಲ್ಲಿ ನೀರಿನ ಉಳಿತಾಯವು ಸಣ್ಣ ಮಾತಲ್ಲ. ಕರಿಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಭಾರದ ಗೋಡೆಗೆ ಆಳವಾದ ತಳಪಾಯ ಬೇಕು, ಖರ್ಚು ಹೆಚ್ಚು ಎಂಬ ಆಕ್ಷೇಪವೂ ನಿಜ. ಆದರೆ ಆ ಖರ್ಚು ಒಮ್ಮೆಯದು, ಕಾದ ಸೂರಿನಡಿ ದುಡಿಯುವವರ ದಣಿವು ಪ್ರತಿ ಬೇಸಗೆಯದು.

ಇವೆಲ್ಲವೂ ಮಾಲೀಕರ ಸದಿಚ್ಛೆಗೆ ಬಿಟ್ಟುಬಿಡತಕ್ಕ ಸಂಗತಿಗಳಲ್ಲ. ನಿವೇಶನ ಹಂಚಿಕೆಯ ಕರಾರಿನಲ್ಲಿಯೇ ಇಮ್ಮಡಿ ಸೂರು, ಗಾಳಿಗಂಡಿ, ಬಿಸಿಲ ಚಾಚುಗಳನ್ನು ಷರತ್ತಾಗಿ ಬರೆಯಬೇಕು. ಅದಕ್ಕೂ ಮೊದಲು ಮತ್ತೊಂದು ಕೆಲಸವಿದೆ. ಕಾರ್ಖಾನೆಯು ಯಾವ ದಿಕ್ಕಿಗೆ ಚಾಚಿಕೊಳ್ಳಬೇಕೆಂಬುದು ವಾಸ್ತುಶಿಲ್ಪಿಯ ಮೇಜಿಗಿಂತ ಮುಂಚೆ ರಸ್ತೆಯ ನಕ್ಷೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಉತ್ತರ ದಕ್ಷಿಣವಾಗಿ ನೀಳವಾದ ಇಕ್ಕಟ್ಟಿನ ನಿವೇಶನವನ್ನು ಕೊಟ್ಟಮೇಲೆ ಎಂಥ ನಿಪುಣನೂ ಅದರಲ್ಲಿ ಪೂರ್ವ ಪಶ್ಚಿಮದ ಕಟ್ಟಡವನ್ನು ಎಬ್ಬಿಸಲಾರನು. ಪಾರ್ಕಿನ ರಸ್ತೆ ಮತ್ತು ನಿವೇಶನಗಳ ನಕ್ಷೆಗೆ ಸಹಿ ಹಾಕುವ ಅಧಿಕಾರಿಗಳು ಪ್ರತಿಯೊಂದು ನಿವೇಶನದ ಮೇಲೂ ಮೇ ತಿಂಗಳ ಸೂರ್ಯನ ದಾರಿಯನ್ನು ಗುರುತುಮಾಡಿಸಿಕೊಂಡ ಬಳಿಕವೇ ಆ ಸಹಿಯನ್ನು ಹಾಕಬೇಕೆಂದು ಈ ಮೂಲಕ ಕೋರುತ್ತೇನೆ.