ಬಾರದವರ ಲೆಕ್ಕವನ್ನೂ ಕೊಡಿ

ಹಳ್ಳಿಯಲ್ಲಿ ಆರೋಗ್ಯ ಶಿಬಿರ ನಡೆದರೆ ನಾವು ಸ್ಥಳೀಯ ವರದಿಗಾರರು ಬರೆಯುವುದು ಒಂದೇ ಶೀರ್ಷಿಕೆ: ‘ಶಿಬಿರಕ್ಕೆ ಉತ್ತಮ ಪ್ರತಿಕ್ರಿಯೆ’. ಬಂದವರನ್ನು ಎಣಿಸುತ್ತೇವೆ, ಗಣ್ಯರ ಹೆಸರು ಬರೆದುಕೊಂಡು ಬಸ್ಸು ಹತ್ತುತ್ತೇವೆ. ಅದೇ ಹೊತ್ತಿಗೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು, ಕೂಲಿಗೆ ಪೇಟೆಗೆ ಹೋದವರು, ಹಾಸಿಗೆ ಹಿಡಿದ ಮುದುಕರು ನಮ್ಮ ಸುದ್ದಿಯಲ್ಲಿ ಇರುವುದಿಲ್ಲ.

ಪತ್ರಿಕೆಯಲ್ಲಿ ಇದು ಒಂದು ದಿನದ ತಪ್ಪು. ಆರೋಗ್ಯ ಸಂಶೋಧನೆಗೆ ಡಿಎನ್‌ಎ ಮಾದರಿ ಸಂಗ್ರಹಿಸುವವರು ಇದೇ ತಪ್ಪು ಮಾಡಿದರೆ ಅದು ವರ್ಷಾನುಗಟ್ಟಲೆ ಉಳಿಯುತ್ತದೆ.

ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2006ರಿಂದ 2010ರವರೆಗೆ ಸುಮಾರು 92 ಲಕ್ಷ ಜನರನ್ನು ಆಹ್ವಾನಿಸಿತು. ಬಂದವರು 5 ಲಕ್ಷ, ಅಂದರೆ ನೂರಕ್ಕೆ ಐದೂವರೆ ಮಂದಿ. ಅವರಲ್ಲಿ ಧೂಮಪಾನಿಗಳು ಕಡಿಮೆ, ಬಡ ಪ್ರದೇಶದವರು ಕಡಿಮೆ, ಆರೋಗ್ಯವಂತರು ಹೆಚ್ಚು. 33 ಲಕ್ಷ ಜನರ ಮಾಹಿತಿ ನೋಡಿದ 2021ರ ಅಧ್ಯಯನವೊಂದರಲ್ಲಿ, ಲಿಂಗ ನಿರ್ಧಾರಕ್ಕೆ ಸಂಬಂಧಿಸದ ವರ್ಣತಂತುಗಳಲ್ಲೂ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಕಂಡಿತು. ಸಂಶೋಧಕರು ಹುಡುಕಿದಾಗ ಸಿಕ್ಕ ಮುಖ್ಯ ಕಾರಣ ಎಂಥ ಗಂಡಸರು, ಎಂಥ ಹೆಂಗಸರು ಭಾಗವಹಿಸಲು ಮುಂದೆ ಬಂದಿದ್ದರು ಎಂಬುದು. ಲಕ್ಷಗಟ್ಟಲೆ ಮಾದರಿ ಇದ್ದ ಮಾತ್ರಕ್ಕೆ ಈ ದೋಷ ಹೋಗುವುದಿಲ್ಲ.

ಈಗ ಈ ಕೆಲಸ ನಮ್ಮ ಅಂಗಳಕ್ಕೂ ಬಂದಿದೆ. 10,000 ಭಾರತೀಯರ ಡಿಎನ್‌ಎ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಮುನ್ನಡೆಸಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಇದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಆರೋಗ್ಯವನ್ನು ವರ್ಷಗಳಿಂದ ಗಮನಿಸುತ್ತಿದೆ. ಬೇರೆ ಬೇರೆ ಸಮುದಾಯಗಳನ್ನು, ಹಳ್ಳಿಗಳನ್ನು ಒಳಗೊಳ್ಳುವ ಪ್ರಯತ್ನ ಮೆಚ್ಚತಕ್ಕದ್ದೇ. ಆದರೆ ಒಂದೇ ಸಮುದಾಯದೊಳಗೂ ಬರಬಲ್ಲವರಿದ್ದಾರೆ, ಬರಲಾಗದವರೂ ಇದ್ದಾರೆ.

ಬಾರದವರಿಗೆ ‘ಅರಿವಿಲ್ಲ’ ಎಂದು ಹಣೆಪಟ್ಟಿ ಹಚ್ಚುವುದು ಸುಲಭ. ಒಂದು ದಿನದ ಕೂಲಿ ಬಿಟ್ಟು ಬರುವುದು ಎಲ್ಲರಿಗೂ ಆಗುವ ಮಾತಲ್ಲ. ‘ರಕ್ತ ತಗೊಂಡು ಹೋದೋರು ಮತ್ತೆ ಈ ಕಡೆ ತಲೆ ಹಾಕಲಿಲ್ಲ’ ಎನ್ನುವವರ ಅನುಮಾನಕ್ಕೂ ಅರ್ಥವಿದೆ. ಬೇಡ ಎನ್ನುವ ಹಕ್ಕು ಅವರದು. ಬರಲು ಮನಸ್ಸಿದ್ದೂ ಆಗದವರಿಗೆ ಮಾತ್ರ ದಾರಿ ಮಾಡಿಕೊಡಬೇಕು. ಕೆಲಸ ಬಿಡುವ ಹೊತ್ತಿಗೆ ಹೋಗಲಿ, ತಪ್ಪಿದ ಕೂಲಿ ಕೊಡಲಿ, ಏಳಲಾಗದವರ ಮನೆಗೇ ನಡೆಯಲಿ. ತಪಾಸಣೆಯ ವರದಿಯನ್ನು ಅರ್ಥವಾಗುವ ಕನ್ನಡದಲ್ಲಿ ಮರಳಿ ತಿಳಿಸಲಿ. ಎಷ್ಟು ಜನರನ್ನು ಕರೆದೆವು, ಎಷ್ಟು ಜನ ಬರಲಿಲ್ಲ, ಏಕೆ ಎಂಬುದನ್ನೂ ಪ್ರಕಟಿಸಲಿ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಶಿಬಿರದಲ್ಲಿ ಬಂದವರನ್ನು ಎಣಿಸಿದ ಮೇಲೆ ಬಸ್ಸು ಹತ್ತುವುದು ಬೇಡ. ಆಶಾ ಕಾರ್ಯಕರ್ತೆಯನ್ನು ಕೇಳೋಣ: ‘ಯಾರು ಬರಲಿಲ್ಲ ಅಕ್ಕಾ, ಯಾಕೆ?’ ಆ ಉತ್ತರವೂ ಸುದ್ದಿಯೇ.