ಹಾಜರಿ ಪುಸ್ತಕ ಬೇಡ

ಹೆಂಗಸರಿಗೆ ಟಿ.ವಿ.ಗೆ ಹೊತ್ತಿದೆ, ದಿನದ ಪ್ರಾರ್ಥನೆಗಿಲ್ಲ ಎಂದು ಗದರಿಸುವ ಪ್ರಸಂಗಗಳನ್ನು ಕೇಳಿ ಸಾಕಾಗಿದೆ. ಗದರಿಸುವವರ ಮನೆಯಲ್ಲಿ ಬೆಳಗಿನ ಚಹಾ ಕಾಸುವವರು ಯಾರು?

ಬಾಗಿಲು ಮುಚ್ಚಿ ಏಕಾಂತದಲ್ಲಿ ಪ್ರಾರ್ಥಿಸಬೇಕೆಂದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ, ನಿಜ. ಲಕಮನಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಮುಚ್ಚಲು ಬಾಗಿಲೆಲ್ಲಿ? ನಲ್ಲಿಗೆ ನೀರು ಬಂದಾಗ ಕೊಡ ಬಿಟ್ಟು ಮೊಣಕಾಲೂರಲಾದೀತೇ? ಅದೇ ಸುವಾರ್ತೆಯ 18ನೇ ಅಧ್ಯಾಯಕ್ಕೆ ಇಬ್ಬರು ಮೂವರು ಕೂಡಿದರೂ ಸಾಕು. ಅದನ್ನೇಕೆ ನಮಗೆ ಹೇಳುವುದಿಲ್ಲ?

ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅಂದಿನಿಂದ ಎಷ್ಟು ತಾಯಂದಿರು ಒಲೆಯ ಮುಂದೆಯೇ ಪ್ರಾರ್ಥಿಸಿದರೋ, ಯಾವ ದಫ್ತರದಲ್ಲೂ ಲೆಕ್ಕವಿಲ್ಲ. ಮಾರ್ಚ್ ಮೊದಲ ಶುಕ್ರವಾರ ಜಗತ್ತಿನ ಸ್ತ್ರೀಯರ ಪ್ರಾರ್ಥನಾ ದಿನವಂತೂ ಇದೆ. ಉಳಿದ ದಿನಗಳಲ್ಲಿ?

ನಮ್ಮ ಓಣಿಯ ನಾಲ್ವರು ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಕೂಡುತ್ತೇವೆ. ತಪ್ಪಿಸಿದವಳನ್ನು ಯಾಕೆ ಬರಲಿಲ್ಲವೆಂದು ಕೇಳುವಂತಿಲ್ಲ, "ಮಗೀಗೆ ಜ್ವರ ಇಳೀತೇನ್ರೀ ಅಕ್ಕಾ?" ಎಂದು ಕೇಳಬೇಕು. ಅಷ್ಟಕ್ಕೇ ಅವಳು ಮರುದಿನ ಬರುತ್ತಾಳೆ. ಶಾಲೆಯಲ್ಲಿ ವರ್ಷಾನುಗಟ್ಟಲೆ ಹಾಜರಿ ಕರೆದವಳು ನಾನು. ಹಾಜರಿಯಿಂದ ಮಗು ಬೆಂಚಿನ ಮೇಲೆ ಕೂತೀತು, ಓದಿನ ಹಸಿವು ಹುಟ್ಟದು.

ಸಭೆಯ ಹಿರಿಯರಿಗೆ ನಮ್ಮ ಭಕ್ತಿಯ ಚಿಂತೆ ನಿಜವಾಗಿ ಇದ್ದರೆ, ನೀರು ಬಿಟ್ಟ ದಿನ ಆ ಹತ್ತು ನಿಮಿಷ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲಲಿ.