ಕನ್ನಡಿ ತೆಗೆದ್ರೆ ಬೆಳಕು ಜಾಸ್ತಿ ಆಗಲ್ಲ

ಕ್ಯಾಂಪಸ್‌ನಲ್ಲಿ ಕ್ಯಾಮೆರಾ ಇರೋರೆಲ್ಲ ಈಗ ಕೇಳೋದು ಒಂದೇ ಪ್ರಶ್ನೆ: "ಡಿಎಸ್‌ಎಲ್‌ಆರ್ ಮಾರಿ ಮಿರರ್‌ಲೆಸ್ ತಗೊಳ್ಳಲಾ?" ನನ್ನ ಉತ್ತರ: ಸ್ವಲ್ಪ ತಡೀರಿ.

ನಿಕಾನ್ ಡಿ7500 ಬಂದಿದ್ದು 2017ರಲ್ಲಿ, ಮಿರರ್‌ಲೆಸ್ ಝಡ್50 ಬಂದಿದ್ದು 2019ರಲ್ಲಿ. ಎರಡರ ಸೆನ್ಸರ್ ಕೂಡ ಎಪಿಎಸ್-ಸಿ, 20.9 ಮೆಗಾಪಿಕ್ಸೆಲ್. ಕನ್ನಡಿ ಹೋಯ್ತು ಅಂತ ಫೋಟೋ ಬೇರೆ ಲೆವೆಲ್‌ಗೆ ಹೋಗಲ್ಲ.

ಲಾಭ ಇಲ್ಲ ಅಂತಲ್ಲ. ಮಿರರ್‌ಲೆಸ್ ಕಣ್ಣನ್ನೇ ಹುಡುಕಿ ಫೋಕಸ್ ಮಾಡುತ್ತೆ, ಎಕ್ಸ್‌ಪೋಷರ್ ಹೇಗೆ ಬರುತ್ತೆ ಅಂತ ಕ್ಲಿಕ್ಕಿಸೋ ಮೊದಲೇ ತೋರಿಸುತ್ತೆ, ಸದ್ದಿಲ್ಲದೆ ಫೋಟೋ ತೆಗೆಯುತ್ತೆ. ಆದರೆ ಬ್ಯಾಟರಿ? ಒಂದು ಚಾರ್ಜ್‌ಗೆ ಡಿ7500 ರೇಟಿಂಗ್ 950 ಫೋಟೋ, ಝಡ್50ದು ಸುಮಾರು 300.

ನಮ್ಮ ಫೆಸ್ಟ್ ಫೋಟೋಗಳು ಕೆಡೋದು ಕತ್ತಲಲ್ಲಿ. ಅಲ್ಲಿ ತಪ್ಪು ಕನ್ನಡಿದಲ್ಲ, ಕಿಟ್ ಲೆನ್ಸ್‌ದು. 18-55 ಲೆನ್ಸನ್ನ ಪೂರ್ತಿ ಝೂಮ್ ಮಾಡಿದ್ರೆ ಎಫ್/5.6. ಝಡ್50 ಜೊತೆ ಬರೋ 16-50 ಆದ್ರೆ ಎಫ್/6.3, ಇನ್ನೂ ಕಮ್ಮಿ ಬೆಳಕು! ಅದೇ ಹಳೇ ಬಾಡಿಗೆ 50 ಎಂಎಂ ಎಫ್/1.8 ಹಾಕಿ. 5.6ನ್ನ 1.8ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 9.7. ಅಂದ್ರೆ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು.

ಮೊದಲ ಸಲ ಹೊಸ ಕ್ಯಾಮೆರಾ ಕೊಳ್ಳೋರು ಮಿರರ್‌ಲೆಸ್ಸೇ ತಗೊಳ್ಳಿ, ಕಂಪನಿಗಳ ಗಮನ ಈಗ ಅದರ ಮೇಲೇ ಇದೆ. ಆದ್ರೆ ಮನೆಯವರು ಕಷ್ಟಪಟ್ಟು ಕೊಡಿಸಿದ ಡಿಎಸ್‌ಎಲ್‌ಆರ್ ಕೈಯಲ್ಲಿದ್ರೆ, ಅದನ್ನ ಸಿಕ್ಕಿದ ರೇಟಿಗೆ ಮಾರಿ ಅವರ ತಲೆಗೆ ಇಎಂಐ ಕಟ್ಟಬೇಡಿ. ಮೊದಲು ಒಂದು ಒಳ್ಳೆ ಲೆನ್ಸ್ ತಗೊಳ್ಳಿ. ಡಿಗ್ರಿ ಮುಗಿಯೋವರೆಗೂ ಅದು ಸಾಕು.